ತಟ್ಟೆಯಂಚಿನ ಚುಕ್ಕೆ

"ಈ ಬೆಕ್ಕಿನ ಮರಿಯ ರಕ್ತ ಇವತ್ತೇ ತೆಗೀರಿ, ಮೇಡಂ!"

ಬೋನನ್ನು ದಡಕ್ಕನೆ ಮೇಜಿನ ಮೇಲಿಟ್ಟವನ ಕಣ್ಣು ಕೆಂಪಾಗಿತ್ತು. ಅವಳು ಬೆಚ್ಚಿಬಿದ್ದಳು.

ಬೀದಿ ಬೆಕ್ಕುಗಳನ್ನು ಹಿಡಿದು ಪ್ರಯೋಗಾಲಯಕ್ಕೆ ತಂದುಕೊಡುವುದು ಅವನ ಕೆಲಸ. ಅಲ್ಲಿಯವರು ಅವನಿಗೆ ಬೋನಪ್ಪ ಎಂದೇ ಹೆಸರಿಟ್ಟಿದ್ದರು. ಆ ಬೆಕ್ಕುಗಳ ರಕ್ತದಲ್ಲಿ ಅಡಗಿದ್ದು ಮನುಷ್ಯರಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾದಲ್ಲಿ ಎಷ್ಟು ತಳಿಗಳಿವೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ಹೊಸದಾಗಿ ಸೇರಿದವಳು, ಅವನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ನೋಡಿದ್ದೂ ಹೀಗೆ!

"ಯಾಕಿಷ್ಟು ಅವಸರ? ಮರಿ ಚೆನ್ನಾಗೇ ಇದೆಯಲ್ಲಾ..."

"ಅದು ಚೆನ್ನಾಗಿದೆ. ಬೆಕ್ಕು ಪರಚಿ ಬರೋ ರೋಗದಿಂದ ನಮ್ಮಕ್ಕನ ಮಗಳಿಗೆ ಒಂದು ಕಣ್ಣು ಹೋಯ್ತು." ಅವನು ಬೋನಿನತ್ತ ಕೈ ತೋರಿಸಿದ. "ಪಾಪ ಅಂತ ಇದನ್ನ ಮನೆಗೆ ತಗೊಂಡು ಹೋಗಿದ್ದು ನಾನು. ಆಡ್ಕೊಳ್ಳಲಿ ಅಂತ ಮಗು ಕೈಗೆ ಕೊಟ್ಟಿದ್ದೂ ನಾನೇ. ಅವಳು ಬೀದಿ ಬೆಕ್ಕುಗಳ ಜೊತೇನೂ ಆಡ್ತಿದ್ಲು. ರೋಗ ಕೊಟ್ಟಿದ್ದು ಇದೋ, ಅವೋ... ನಂಗೆ ಗೊತ್ತಾಗ್ಬೇಕು. ಅಕ್ಕ ನನ್ನ ಮುಖಾನೇ ನೋಡ್ತಿಲ್ಲ."

ಮಗುವಿನ ಕಂಕುಳ ಗಂಟಿನಿಂದ ಆಸ್ಪತ್ರೆಯವರು ತೆಗೆದು ಕಳಿಸಿದ್ದ ಮಾದರಿ ಅವಳ ಬಳಿಯೇ ಇತ್ತು. ಮರಿಯಲ್ಲೂ ಅದೇ ತಳಿ ಸಿಕ್ಕರೆ ರೋಗ ಬಂದದ್ದು ಮರಿಯಿಂದ... ಅಂದರೆ ಅವನಿಂದ.

ಈ ಬ್ಯಾಕ್ಟೀರಿಯಾ ಮಹಾ ಸೋಮಾರಿ. ಗಾಜಿನ ತಟ್ಟೆಯಲ್ಲಿ ಬೆಳೆದು ಚುಕ್ಕೆಯಾಗಿ ಕಾಣಿಸಿಕೊಳ್ಳಲು ವಾರಗಟ್ಟಲೆ ಸತಾಯಿಸುತ್ತದೆ. ಪ್ರೀತಿಗೆ ಅಷ್ಟು ವ್ಯವಧಾನ ಎಲ್ಲಿಯದು!

"ಬಂತಾ?" ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಇನ್ನೂ ಇಲ್ಲ."

ಹೋಗುತ್ತಿರಲಿಲ್ಲ. ಅವಳಿಗೂ ಅವನು ಹೋಗುವುದು ಬೇಕಿರಲಿಲ್ಲ. ಮೇಡಂ ಹೋಗಿ ನೀವು ಬಂತು, ನೀವು ಹೋಗಿ ನೀನು ಬಂತು. ಕೊನೆಗೆ ಚುಕ್ಕೆಗಳೂ ಬಂದವು.

"ಬೇರೆ ತಳಿ ಕಣೋ! ಮಗೂಗೆ ಬಂದಿದ್ದು ನಿನ್ನ ಮರಿಯಿಂದ ಅಲ್ಲ!"

ಅವನು ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವತ್ತು ಸಂಜೆ ಅಕ್ಕ ಅವನಿಗೆ ಬಾಗಿಲು ತೆಗೆದಳು. ಮರುದಿನ ಅವನು ಬಂದಾಗ ಮುಖದ ತುಂಬ ನಗು.

"ಅಕ್ಕ ನಿನ್ನ ನೋಡ್ಬೇಕಂತೆ. ಅದೇ... ಮದುವೆ ಮಾತಿಗೆ. ಬರ್ತೀಯಲ್ಲ?"

"ಹೂಂ" ಎನ್ನುವಷ್ಟರಲ್ಲಿ ಅವಳ ಕೆನ್ನೆ ಕೆಂಪಾಗಿತ್ತು.

ಅದೇ ವಾರ, ಹಳೆಯ ತಟ್ಟೆಗಳನ್ನು ಎಸೆಯಲು ತೆಗೆದವಳು ಹಾಗೇ ನಿಂತಳು. ಮರಿಯ ತಟ್ಟೆಯ ಅಂಚಿನಲ್ಲಿ ಬೇರೆ ತರಹದ ಚುಕ್ಕೆ! ಉಳಿದವುಗಳಿಗಿಂತ ಚಪ್ಪಟೆ, ಮಂಕು.

ಒಂದೇ ಬೆಕ್ಕಿನಲ್ಲಿ ಎರಡು ತಳಿಗಳು ಜೊತೆಗಿರಬಹುದು ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅವನ ಸಂಕಟ ಬೇಗ ಕಳೆಯಲಿ ಎಂಬ ಆತುರದಲ್ಲಿ ಒಂದೇ ಚುಕ್ಕೆ ಪರೀಕ್ಷಿಸಿ ಸುಮ್ಮನಾಗಿದ್ದಳು. ಈಗ ಇದನ್ನೂ ಪರೀಕ್ಷಿಸಿದಳು. ನಂಬದೆ ಮತ್ತೊಮ್ಮೆ ಪರೀಕ್ಷಿಸಿದಳು. ಮಗುವಿನಲ್ಲಿದ್ದ ತಳಿಯೇ!

'ತಟ್ಟೆ ಎಸೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಅವನು ಈಗ ತಾನೇ ನಗ್ತಿದ್ದಾನೆ... ನನ್ನ ಬಾಯಿಂದಲೇ ಹೇಗೆ ಹೇಳಲಿ?'

ಹೇಳಿದಳು. ಹೇಳುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

"ಹಾಗಾದ್ರೆ ನಾನೇ..." ಎಂದ ಅವನು.

"ನನ್ನದೂ ತಪ್ಪಿದೆ. ಪೂರ್ತಿ ನೋಡದೆ ನಿಂಗೆ ಆಸೆ ತೋರಿಸಿಬಿಟ್ಟೆ..."

ಅವನು ಹೊರಟುಹೋದ. ಆಮೇಲೆ ಬೋನು ತರಲು ಬೇರೆ ಯಾರೋ ಬರತೊಡಗಿದರು. ಬಾಗಿಲು ಸದ್ದಾದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು, ಮತ್ತೆ ತಗ್ಗಿಸುತ್ತಿದ್ದಳು. ಊಟ ರುಚಿಸುತ್ತಿರಲಿಲ್ಲ. 'ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಅವರ ಮನೆಯಲ್ಲಿರುತ್ತಿದ್ದೆ' ಎಂದು ದಿನಾ ಅನ್ನಿಸುತ್ತಿತ್ತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ತಲೆಯೆತ್ತಿದರೆ ಅವನೇ! ಸೊರಗಿಹೋಗಿದ್ದ. ಕೈಯಲ್ಲಿ ಬೋನಿರಲಿಲ್ಲ.

"ಅಕ್ಕಂಗೆ ನಾನೇ ಹೇಳ್ದೆ," ಎಂದ. "ಬಾಗಿಲು ಹಾಕ್ಕೊಂಡ್ಲು. ಅವತ್ತಿಂದ ದಿನಾ ಹೋಗ್ತೀನಿ. ತೆಗೆಯಲ್ಲ."

ಅವಳ ಕಣ್ಣು ತುಂಬಿ ಬಂತು. "ನಾನು ಬಾಯಿ ಮುಚ್ಕೊಂಡಿದ್ದಿದ್ರೆ..."

"ನಾನೂ ಹಾಗೇ ಅಂದ್ಕೊಂಡೆ. ನಿನ್ನ ಮೇಲೆ ತುಂಬ ಸಿಟ್ಟಿತ್ತು. ಆಮೇಲೆ ಯೋಚನೆ ಬಂತು... ನೀನು ಹೇಳದೇ ಇದ್ದಿದ್ರೆ? ನನ್ನ ಪಕ್ಕದಲ್ಲೇ ಇದ್ಕೊಂಡು, ಸಾಯೋ ತನಕ ಒಬ್ಬಳೇ ಅದನ್ನ ಹೊತ್ಕೊಂಡು ಇರ್ತಿದ್ದೆ, ಅಲ್ವಾ?"

"ಹೂಂ."

"ಒಬ್ಬನೇ ಹೊತ್ಕೊಂಡಿರೋದು ಹೇಗಿರುತ್ತೆ ಅಂತ ನಂಗೆ ಗೊತ್ತು. ನಿಂಗದು ಬೇಡ." ಅವನು ಒಂದು ಹೆಜ್ಜೆ ಮುಂದೆ ಬಂದ. "ನೀನಿಲ್ದೆ ನಂಗಾಗಲ್ಲ ಕಣೆ."

ಅವಳು ಕೈಗವಸು ಕಳಚಿದಳು. ಅವನ ಒರಟು ಬೆರಳುಗಳನ್ನು ಹಿಡಿದುಕೊಂಡಳು. ಇಬ್ಬರೂ ಅತ್ತರು.

"ಸಂಜೆ ಅಕ್ಕನ ಮನೆಗೆ ಹೋಗ್ತೀನಿ. ಬರ್ತೀಯಾ?"

"ಇವತ್ತೂ ಬಾಗಿಲು ತೆಗೀದಿದ್ರೆ?"

"ನಿಂತ್ಕೊಂಡಿರ್ತೀನಿ."

"ಸ್ವಲ್ಪ ಸರಿದು ನಿಂತ್ಕೊ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ನಂಗೂ ಜಾಗ ಬೇಕು."