ಕಂಚಿನ ದಂಡಿಗೆ

ಡಬ್ಬಿ ಇತ್ತು. ಡಬ್ಬಿಯೊಳಗೆ ಹತ್ತಿ ಇತ್ತು. ಕಂಚು ಮಾತ್ರ ಇರಲಿಲ್ಲ.

ಭಾನುವಾರದ ಪ್ರಾರ್ಥನೆ ಮುಗಿಸಿ ನಾನು ಚರ್ಚಿನ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ತುಕುಮ್ಮೆಕ್ ಇಳಿಜಾರಿನಲ್ಲಿ ಓಡಿ ಬಂದಳು. ನಮ್ಮೂರಿನದೇ ಹುಡುಗಿ. ಓದಿ ಬಂದು, ಕಡಲಂಚಿನ ಹಳೆಯ ಗೋರಿಗಳ ಬಳಿ ಆ ಬೇಸಿಗೆಯಲ್ಲಿ ನೆಲ ಅಗೆಸುತ್ತಿದ್ದಳು.

"ಉಪದೇಶಿಗಳೇ, ದಂಡಿಗೆ ಹೋಯ್ತು. ಮಧ್ಯಾಹ್ನ ಹೆಲಿಕಾಪ್ಟರ್ ಬರತ್ತೆ. ಅವರಿಗೆ ನಾನು ಏನು ತೋರಿಸ್ಲಿ?"

ಒಂದು ಕಲ್ಲುಗೋರಿಯ ಬುಡದಲ್ಲಿ ಸಿಕ್ಕಿದ್ದ, ಬೆರಳುದ್ದದ ಕಂಚಿನ ಕಡ್ಡಿ ಅದು. ಮಡಚುವ ತಕ್ಕಡಿಯ ದಂಡಿಗೆಯಲ್ಲಿ ಅರ್ಧ ಎಂದು ಅವಳ ವಾದ. ನೂರಾರು ವರ್ಷಗಳ ಹಿಂದೆ ಯುರೋಪಿನಿಂದ ಬಂದು ದಕ್ಷಿಣದ ಕೊಲ್ಲಿಗಳಲ್ಲಿ ನೆಲೆಸಿದ್ದ ನಾರ್ಸ್ ಜನ ಗ್ರೀನ್‌ಲ್ಯಾಂಡಿನ ಈ ತುದಿಯವರೆಗೂ ಬಂದು ನಮ್ಮ ಹಿರಿಯರೊಡನೆ ವ್ಯಾಪಾರ ಮಾಡಿದ್ದರು ಎನ್ನುವುದಕ್ಕೆ ಅವಳ ಬಳಿ ಇದ್ದದ್ದು ಅದೊಂದೇ. ರಾಜಧಾನಿಯ ಪಂಡಿತರು ಪಟ ನೋಡಿ, "ಯಾವುದೋ ಹಡಗಿನ ಮುರುಕು" ಎಂದಿದ್ದರು. ಇಂದು ಅವರೇ ಬಂದು ಕೈಯಲ್ಲಿ ಹಿಡಿದು ನೋಡಿ ಒಪ್ಪದಿದ್ದರೆ ಅಗೆತ ನಿಂತ ಹಾಗೆಯೇ.

ನಾನು ಬೊಲೆತ್ತೆಯನ್ನು ಕರೆತಂದೆ. ಇಪ್ಪತ್ತು ವರ್ಷ ಈ ಕರಾವಳಿಯ ಪೊಲೀಸಿನವಳಾಗಿದ್ದವಳು, ಈಗ ನಿವೃತ್ತೆ. ಡಬ್ಬಿ ಇಟ್ಟಿದ್ದ ಸಾಮಾನು ಕೋಣೆಗೆ ಬೀಗವಿಲ್ಲ. ನಮ್ಮೂರಲ್ಲಿ ಯಾವ ಬಾಗಿಲಿಗೂ ಇಲ್ಲ.

"ಎಲ್ಲರೂ ಚರ್ಚಲ್ಲಿದ್ದಾಗ ಹೋಗಿದೆ," ಎಂದಳು ತುಕುಮ್ಮೆಕ್. "ಹೊರಗಿದ್ದವರು ಇಬ್ಬರೇ. ನನ್ನ ಜೊತೆ ಕೆಲಸ ಮಾಡೋ ಯೆಪ್ಪೆ. ಆಮೇಲೆ ಅಂಗಡಿ ಕ್ರಿಸ್ತೊಫರ್. ಹಳೇ ಸಾಮಾನಂದ್ರೆ ಸಾಕು, ಅವನ ಕಣ್ಣು ಅಲ್ಲೇ."

"ಆ ಹತ್ತೀಲಿ ಏನದು?" ಬೊಲೆತ್ತೆ ಬಗ್ಗಿ ನೋಡಿದಳು.

ದಂಡಿಗೆ ಮಲಗಿದ್ದ ಗುಳಿಯಲ್ಲಿ ಹೆಬ್ಬೆರಳ ತುದಿಯಷ್ಟು ಕಪ್ಪು ತುಣುಕು.

"ಮತ್ತಕ್. ತಿಮಿಂಗಿಲದ ತೊಗಲು. ಯೆಪ್ಪೆ ತಿಂದು ಉಳಿಸಿರ್ತಾನೆ, ಗಲೀಜು ಮನುಷ್ಯ."

ಬಾಗಿಲಲ್ಲಿ ನಿಂತಿದ್ದ ಡೆನ್ಮಾರ್ಕಿನ ಹುಡುಗ ಯೆಪ್ಪೆಯ ಮುಖ ಕೆಂಪಾಯಿತು. "ನಾನಾ? ಮೊದಲನೇ ದಿನ ಬಾಯಿಗಿಟ್ಟು ಉಗುಳಿದ್ದನ್ನ ಊರೆಲ್ಲ ನೋಡಿ ನಕ್ಕಿತ್ತಲ್ಲ."

"ನಾನೂ ನಕ್ಕಿದ್ದೆ," ಎಂದು ಬೊಲೆತ್ತೆ ಅವನ ಹಿಂದೆ ನಿಂತಿದ್ದ ಅಂಗಡಿಯವನ ಕಡೆ ತಿರುಗಿದಳು. "ಕ್ರಿಸ್ತೊಫರ್, ನೀನು?"

"ತೊಗೊಂಡಿದ್ರೆ ಡಬ್ಬಿ ಸಮೇತ ತೊಗೋತಿದ್ದೆ ಅಕ್ಕ. ಡಬ್ಬಿ ಇದ್ರೇನೇ ಬೆಲೆ."

"ಅದೂ ನಿಜವೇ."

ಅವಳು ತುಣುಕನ್ನು ಮೂಸಿದಳು. ಉಗುರಿನಿಂದ ಒತ್ತಿದಳು. ಕಣ್ಣು ಹೊಳೆಯಿತು. "ಉಪದೇಶಿಗಳೇ, ಪ್ರಾರ್ಥನೆಗೆ ತಡವಾಗಿ ಬಂದೋರು ಯಾರು?"

"ಎಫ್ರಾಯಿಮ. ಎರಡನೇ ಹಾಡಿಗೆ ಬಂದ—"

"ನಡೀರಿ."

ಎಫ್ರಾಯಿಮ ನಮ್ಮೂರಿನ ಹಿರಿಯ ಬೇಟೆಗಾರ. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಬೊಲೆತ್ತೆ ಕೂರಲೂ ಇಲ್ಲ.

"ತೊಗೊಂಡೋನು ನೀನು, ಎಫ್ರಾಯಿಮಣ್ಣ."

"ನನ್ನನ್ನ ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ಆ ಮತ್ತಕ್ ಚೂರು ಹಲ್ಲಲ್ಲಿ ಕಚ್ಚಿದ್ದಲ್ಲ, ಚಾಕೂಲಿ ಕೊಯ್ದದ್ದು. ಅಕಸ್ಮಾತ್ತಾಗಿ ಬಿದ್ದದ್ದೂ ಅಲ್ಲ. ಕಂಚಿದ್ದ ಜಾಗದಲ್ಲೇ ಇಟ್ಟಿದೀಯ. ಕಳ್ಳ ಏನೂ ಬಿಟ್ಟು ಹೋಗಲ್ಲ. ಸತ್ತೋರ ಸಾಮಾನು ತೊಗೊಂಡ್ರೆ ಬದಲಿಗೆ ಅವರಿಗೊಂದು ತುತ್ತು ಇಡೋರು ನಮ್ಮ ಹಳಬರು ಮಾತ್ರ. ಯೆಪ್ಪೆಗೆ ಅದು ಗೊತ್ತೇ ಇಲ್ಲ. ಕ್ರಿಸ್ತೊಫರಿಗೆ ಗೊತ್ತಿದ್ರೂ ಇಡಲ್ಲ."

"ಹಳಬರು ಊರಲ್ಲಿ ನಾನೊಬ್ನೇನಾ?"

"ಆ ಚೂರೊಳಗೆ ಗಟ್ಟಿ ನಾರು, ಬಾಲದ್ದು. ಈ ವಾರ ಹೊಡೆದದ್ದು ಒಂದೇ ತಿಮಿಂಗಿಲ. ಮೊದಲ ಈಟಿ ನಿಂದು, ಅದಕ್ಕೇ ಬಾಲದ ಪಾಲು ನಿನಗೆ ಬಂತು. ಮಗೂ ದೀಕ್ಷಾಸ್ನಾನದ ಕಾಫಿ ಕೂಟಕ್ಕೆ ಅಂತ ಇಟ್ಟಿದೀನಿ, ಅಲ್ಲೀವರೆಗೂ ಯಾರಿಗೂ ಚೂರು ಕೊಡಲ್ಲ ಅಂತ ಅಂಗಡಿ ಮುಂದೆ ಜಂಬ ಕೊಚ್ಚಿದ್ದೋನು ಯಾರು?"

ಎಫ್ರಾಯಿಮ ತಲೆ ತಗ್ಗಿಸಿದ. ಅಂಗಿಯೊಳಗಿಂದ ಕಂಚಿನ ಕಡ್ಡಿ ತೆಗೆದು ಮೇಜಿನ ಮೇಲಿಟ್ಟ.

"ಯಾಕಣ್ಣ?" ಎಂದಳು ತುಕುಮ್ಮೆಕ್. "ಕೇಳಿದ್ರೆ ನಾನೇ ತೋರಿಸ್ತಿದ್ನಲ್ಲ."

ಅವನು ನನ್ನ ಕಡೆ ಒಮ್ಮೆ ನೋಡಿ, ಬೇರೆ ಕಡೆ ತಿರುಗಿದ. ಮಗುವಿನ ಟೊಪ್ಪಿಗೆಯ ಒಳಗಡೆಯ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿದ. ಒಳಗಿಂದ ಇನ್ನೊಂದು ಕಂಚಿನ ಕಡ್ಡಿ ಹೊರಬಂತು. ಸೀಲ್ ಪ್ರಾಣಿಯ ಎಣ್ಣೆ ಕುಡಿದು ಹೊಳೆಯುತ್ತಿತ್ತು.

"ನಮ್ಮಜ್ಜಿ ಅದೇ ಗೋರಿ ಹತ್ರ ತೊಗೊಂಡದ್ದು. ಕೂಸುಗಳಿಗೆ ರಕ್ಷೆ. ಎರಡೂ ಒಂದೇನಾ ಅಂತ ನೋಡ್ಬೇಕಿತ್ತು. ಕೇಳೋಣ ಅಂದ್ರೆ ಉಪದೇಶಿಗಳ ಕಿವಿಗೆ ಬೀಳತ್ತೆ. ತಾಯಿತ ಅಂತ ಕಿತ್ತು ಸಮುದ್ರಕ್ಕೆ ಎಸೀತಾರೆ. ಮಗೂಗೆ ದೀಕ್ಷಾಸ್ನಾನವೂ ಕೊಡಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ದೇವರು ಆ ಕೂಸಿನ ಎದೆಯುಸಿರನ್ನು ಕಾಯುವಾಗ ಟೊಪ್ಪಿಗೆಯ ಒಳಗನ್ನು ತಡಕಿ ನೋಡಿರಲಾರ.

"ಮುಂದಿನ ಭಾನುವಾರ ಮಗೂನ ಎತ್ಕೊಂಡು ಹೊತ್ತಿಗೆ ಸರಿಯಾಗಿ ಬಾ," ಎಂದೆ. "ತುಕುಮ್ಮೆಕ್, ಈಗ ಜೋಡಿಸು ನೋಡೋಣ."

ತುಕುಮ್ಮೆಕ್ ಎರಡೂ ತುದಿ ಕೂಡಿಸಿದಳು. ಒಂದರ ತೂತಿಗೆ ಇನ್ನೊಂದರ ಮೊಳೆ— ಸಣ್ಣಗೆ ಟಕ್ ಎಂದಿತು. ಎಫ್ರಾಯಿಮನ ಕೈಯಿಂದ ಅದೇ ಹೊಲಿಗೆಯ ದಾರ ತೆಗೆದುಕೊಂಡು ನಡುವಿಗೆ ಕಟ್ಟಿ ನಾನೇ ಎತ್ತಿ ಹಿಡಿದೆ. ದಂಡಿಗೆ ಒಮ್ಮೆ ಎಡಕ್ಕೆ ವಾಲಿತು, ಬಲಕ್ಕೆ ತೂಗಿತು. ಆಮೇಲೆ ಸಮವಾಗಿ ನಿಂತಿತು.

"ತಕ್ಕಡಿ," ಎಂದ ಎಫ್ರಾಯಿಮ. "ಅಜ್ಜಿಗೂ ಗೊತ್ತಿರ್ಲಿಲ್ಲ."

ಕೊಲ್ಲಿಯ ಆಚೆಯಿಂದ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ತುಕುಮ್ಮೆಕ್ ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ಉಪದೇಶಿಗಳೇ, ಕೈ ಅಲ್ಲಾಡಿಸ್ಬೇಡಿ. ನಾನು ಅವರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ."

ಅವಳು ಬಾಗಿಲು ತೆರೆದಿಟ್ಟೇ ಓಡಿದಳು. ನಾನು ಉಸಿರು ಬಿಗಿಹಿಡಿದು ನಿಂತೆ.