ಕಾಯಲು ಕಲಿತ ಮಿಂಚಿನ ಪೆಟ್ಟಿಗೆ

ಬಹಳ ಹಿಂದೆ, ಪೆರು ಎಂಬ ದೂರದ ನಾಡಿನಲ್ಲಿ, ಮರಳಿಗೂ ಕಡಲಿಗೂ ನಡುವೆ ಅರೆನಾಲ್ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿನ ಜನರ ಹಿರಿಯರನ್ನು ಆಫ್ರಿಕಾದಿಂದ ಹಡಗುಗಳಲ್ಲಿ ಕಟ್ಟಿ ತಂದಿದ್ದರು. ಅಂದಿನ ಅರಸರು ಅವರ ಮದ್ದಳೆಗಳನ್ನು ಕಿತ್ತುಕೊಂಡರು. ಆಗ ಅವರು ಹಣ್ಣು ತುಂಬುವ ಮರದ ಪೆಟ್ಟಿಗೆಯ ಮೇಲೆ ಕುಳಿತು, ಕಾಲುಗಳ ನಡುವಿನ ಹಲಗೆಯನ್ನು ಬಾರಿಸಿದರು. ಅದಕ್ಕೆ ಕಹೋನ್ ಎಂದು ಹೆಸರಾಯಿತು. ಆ ಅರಸರು ಹೋದರು, ಪೆಟ್ಟಿಗೆ ಉಳಿಯಿತು. ಅಂದಿನಿಂದ ಊರಿಗೆಲ್ಲ ಒಂದು ಚಾಳಿ: ಯಾವ ಪೆಟ್ಟಿಗೆ ಕಂಡರೂ ಮೊದಲು ಅದರ ಮೇಲೆ ಕೂರುವುದು, ಆಮೇಲೆ ಅದರೊಳಗೇನಿದೆ ಎಂದು ವಿಚಾರಿಸುವುದು.

ಆ ಊರಿನಲ್ಲಿ ಸೆಫೆರಿನಾ ಎಂಬ ತರುಣಿ ತನ್ನ ಅಜ್ಜಿ ತೊಮಾಸಾಳೊಂದಿಗೆ ವಾಸವಾಗಿದ್ದಳು. ಅಜ್ಜಿಗೆ ಮೊಮ್ಮಗಳನ್ನು ಬಿಟ್ಟರೆ, ಮೊಮ್ಮಗಳಿಗೆ ಅಜ್ಜಿಯನ್ನು ಬಿಟ್ಟರೆ ಯಾರೂ ಇರಲಿಲ್ಲ.

ಊರಾಚೆಯ ಗೋಪುರದಲ್ಲಿ ಅಬುಂದಿಯೋ ಎಂಬ ಮಾಂತ್ರಿಕನಿದ್ದ. ಅವನು ಮಿಂಚನ್ನು ಹಿಡಿದು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಕೈಯಿಲ್ಲದೆ ಬಾರಿಸುವ ವಾದ್ಯವೊಂದನ್ನು ಮಾಡಿದ. ಇಂದು ಡಿಜೆಗಳು ಮುಂದಿಟ್ಟುಕೊಂಡಿರುತ್ತಾರಲ್ಲ, ಅದರ ಮುತ್ತಜ್ಜ. ಒಂದು ಬೆಳಿಗ್ಗೆ ಅದು 'ಧುಂ ಧುಂ ಧುಂ ಧುಂ' ಎಂದಿತು. ನಿಂತು ಕೇಳಿದವರ ಕಾಲುಗಳೆಲ್ಲ ಕುಣಿಯತೊಡಗಿದವು, ನಿಲ್ಲಿಸಿದರೆ ನಿಲ್ಲಲಿಲ್ಲ. ರೊಟ್ಟಿ ಸುಡುವವನು ಕುಣಿದ, ರೊಟ್ಟಿ ಕರಕಾಯಿತು. ರಾಜ ಕುಣಿದ, ಕಿರೀಟ ಬಾವಿಗೆ ಬಿತ್ತು. ಕುಳಿತವರಿಗೆ ಮಾತ್ರ ಮಂತ್ರ ತಟ್ಟಲಿಲ್ಲ. ಆ ಹೊತ್ತಿನಲ್ಲಿ ಕುಳಿತಿದ್ದವಳು ಸೆಫೆರಿನಾ ಒಬ್ಬಳೇ, ತನ್ನ ಕಹೋನಿನ ಮೇಲೆ.

"ಸೂರ್ಯ ಮುಳುಗುವ ಹೊತ್ತಿಗೆ ಕುಣಿದವರೆಲ್ಲ ಉಪ್ಪಿನ ಕಂಬಗಳಾಗುವರು!" ಎಂದು ಅಬುಂದಿಯೋ ಗೋಪುರದಿಂದ ಸಾರಿದ. "ನನ್ನ ಅಂಗಳಕ್ಕೆ ಕಂಬಗಳು ಬೇಕಾಗಿವೆ!"

"ಕೂಸೇ, ನನ್ನ ಹೆಬ್ಬೆರಳು ನೋಡು, ಆಗಲೇ ಬೆಳ್ಳಗಾಗಿದೆ," ಎಂದಳು ಅಜ್ಜಿ, ಕುಣಿಯುತ್ತಲೇ. "ಸಾಯುವುದಕ್ಕೆ ಬೇಸರವಿಲ್ಲ. ಇಂಥ ತಾಳಕ್ಕೆ ಕುಣಿದು ಸತ್ತೆನೆಂದರೆ ಮೇಲೆ ಸ್ವರ್ಗದಲ್ಲಿ ನಿನ್ನಜ್ಜ ನನ್ನ ಮುಖ ನೋಡುವುದಿಲ್ಲ."

ಅವರ ಮನೆಯ ಕತ್ತೆ ಕನೂತೋ ಬಂದು ಆ ಹೆಬ್ಬೆರಳನ್ನು ನೆಕ್ಕಿತು. "ರುಚಿಯಾಗಿದೆ," ಎಂದಿತು. ಆ ರಾಜ್ಯದಲ್ಲಿ ಕತ್ತೆಗಳು ಮಾತಾಡುತ್ತಿದ್ದವು, ಕೇಳುವವರು ಕಡಿಮೆ.

"ನಿನಗೇಕೆ ಕುಣಿತ ಹತ್ತಲಿಲ್ಲ?" ಎಂದು ಸೆಫೆರಿನಾ ಕೇಳಿದಳು.

"ನಾಲ್ಕು ಕಾಲು, ನಾಲ್ಕು ಏಟು. ನನಗಿದು ಬರೀ ನಡಿಗೆ, ಅಕ್ಕಾ."

"ಹಾಗಾದರೆ ನನ್ನನ್ನು ಗೋಪುರಕ್ಕೆ ಹೊತ್ತುಕೊಂಡು ಹೋಗು."

"ಹೋಗುತ್ತೇನೆ. ಆದರೆ ನಾನು ಸತ್ತ ಮೇಲೆ ನನ್ನ ದವಡೆಯ ಹಲ್ಲುಗಳನ್ನು ಗಲಗಲಿಸಿ ಯಾರೂ ಹಾಡಬಾರದು." ಸತ್ತ ಕತ್ತೆಯ ಒಣ ದವಡೆಯನ್ನು ಆ ಊರಿನವರು ವಾದ್ಯವಾಗಿ ಬಾರಿಸುತ್ತಿದ್ದರು.

"ಆಗಲಿ. ನಿಮ್ಮಪ್ಪನ ದವಡೆಯೇ ಇನ್ನೂ ಗಟ್ಟಿಮುಟ್ಟಾಗಿದೆ."

ಸೆಫೆರಿನಾ ನೆಲ ಮುಟ್ಟದೆ ಪೆಟ್ಟಿಗೆಯಿಂದ ನೇರವಾಗಿ ಕತ್ತೆಯ ಬೆನ್ನಿಗೆ ಹಾರಿದಳು.

ಮೊದಲ ಬಾಗಿಲಲ್ಲಿ ದೈತ್ಯ ರಣಹದ್ದು ಕಾವಲು ಕುಳಿತಿತ್ತು. "ಇಳಿದು ನಮಸ್ಕರಿಸು," ಎಂದಿತು.

"ನನ್ನ ಕತ್ತೆ ನಮಸ್ಕರಿಸುತ್ತದೆ," ಎಂದಳು ಸೆಫೆರಿನಾ. ಕತ್ತೆ ಮುಂಗಾಲು ಮಡಿಸಿ ನಮಸ್ಕರಿಸಿತು. ಅದುವರೆಗೆ ಹದ್ದಿಗೆ ಯಾರೂ ಮನಸಾರೆ ನಮಸ್ಕರಿಸಿರಲಿಲ್ಲ. ಅದು ಕಣ್ಣೊರೆಸಿಕೊಂಡು ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಚಿನ್ನದ ಕಣ್ಣಿನ ಚಿರತೆ ಎಲೆ ಹಾಕಿ ಕಾದಿತ್ತು. "ಇಳಿದು ಉಣ್ಣು," ಎಂದಿತು.

"ನನ್ನ ಕತ್ತೆ ಉಣ್ಣುತ್ತದೆ." ಕತ್ತೆ ಅಡುಗೆಯನ್ನೂ ಉಂಡಿತು, ಎಲೆಯನ್ನೂ ತಿಂದಿತು. ತನಗೇನೂ ಉಳಿಯಲಿಲ್ಲವೆಂದು ಚಿರತೆ ಬೇಟೆಗೆ ಹೊರಟುಹೋಯಿತು.

ಮೂರನೆಯ ಬಾಗಿಲೊಳಗೆ ಅಬುಂದಿಯೋ ಎತ್ತರದ ಪೀಠದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಮಿಂಚಿನ ಪೆಟ್ಟಿಗೆ ಕೆಂಪು ಕಣ್ಣು ಮಿಟುಕಿಸುತ್ತಿತ್ತು. "ಇಳಿದು ಮಾತಾಡು," ಎಂದ.

"ನನ್ನ ಕತ್ತೆ ಮಾತಾಡುತ್ತದೆ."

ಕತ್ತೆ ಮಾತಾಡಿತು. ತನ್ನ ಹುಟ್ಟು, ತನ್ನ ತಾಯಿಯ ಹುಟ್ಟು, ಮೂರು ಹಲ್ಲುಗಳ ನೋವು, ಅವುಗಳಲ್ಲಿ ಎಡಗಡೆಯದರ ವಿಶೇಷ ನೋವು. ಅಬುಂದಿಯೋ ಕಿವಿ ಮುಚ್ಚಿದ. ಆಮೇಲೆ ಕಣ್ಣನ್ನೂ ಮುಚ್ಚಿದ. ಆ ಕ್ಷಣದಲ್ಲಿ ಸೆಫೆರಿನಾ ಕತ್ತೆಯಿಂದ ಹಾರಿ ಮಿಂಚಿನ ಪೆಟ್ಟಿಗೆಯ ಮೇಲೆ ಕುಳಿತಳು.

"ಅಯ್ಯೋ! ಅದು ಕೂರುವ ಪೆಟ್ಟಿಗೆಯಲ್ಲ!" ಅಬುಂದಿಯೋ ಗಾಬರಿಯಿಂದ ಎದ್ದು ನಿಂತ. ನಿಂತದ್ದೇ ತಡ, ಅವನ ಕಾಲೂ ಕುಣಿಯತೊಡಗಿತು.

"ಪೆಟ್ಟಿಗೆ ಎಂದ ಮೇಲೆ ಕೂರದೆ ಇನ್ನೇನು?" ಎಂದಳು ಅವಳು.

ಕಿಟಕಿಯಾಚೆ ಸೂರ್ಯ ಕಡಲನ್ನು ಮುಟ್ಟಿದ್ದ. ಕೆಳಗೆ ಚೌಕದಲ್ಲಿ ಅಜ್ಜಿ ಸೊಂಟದವರೆಗೆ ಬಿಳಿಯಾಗಿದ್ದಳು. ಸೆಫೆರಿನಾ ತಾನು ಕುಳಿತ ಪೆಟ್ಟಿಗೆಯ ಮರದ ಹಲಗೆಗೆ ಹೊಡೆದಳು. ಯಂತ್ರದ ಏಟಿಗೆ ಸರಿಯಾಗಿ ಹೊಡೆದಳು. ಅದು ಇನ್ನಷ್ಟು ಸೊಕ್ಕಿತು. ಏಟಿಗಿಂತ ಮೊದಲು ಹೊಡೆದಳು. ಅದು ಇನ್ನಷ್ಟು ಓಡಿತು. ಮೂರನೆಯ ಸಲ ಕೈಯೆತ್ತಿ, ತನ್ನ ಹಿರಿಯರು ಬಾರಿಸುತ್ತಿದ್ದಂತೆ, ಒಂದು ಉಸಿರು ತಡೆದು, ಏಟು ಬಿದ್ದಾದ ಮೇಲೆ ಹೊಡೆದಳು.

ಯಂತ್ರ ಬಿಕ್ಕಳಿಸಿತು. ಅದನ್ನು ಅದುವರೆಗೆ ಯಾರೂ ಕಾಯುವಂತೆ ಮಾಡಿರಲಿಲ್ಲ. ಅದು ತನ್ನ ಏಟು ತಡೆದು ಅವಳ ಕೈಗಾಗಿ ಕಾಯಿತು.

ಆ ಬಿಡುವಿನಲ್ಲಿ ಊರಿನ ಕಾಲುಗಳೆಲ್ಲ ಗಾಳಿಯಲ್ಲೇ ನಿಂತವು. ಮತ್ತೆ ತಮ್ಮಿಷ್ಟದಂತೆ ನೆಲಕ್ಕಿಳಿದವು. ಉಪ್ಪು ಪುಡಿಪುಡಿಯಾಗಿ ಉದುರಿತು. ಮಂತ್ರ ಮುರಿಯಿತು. ಬಳಿಕ ಯಂತ್ರ ನಾಚುತ್ತಾ 'ಧುಂ' ಎಂದಿತು, ಅವಳ ಅಂಗೈ ಅದಕ್ಕೆ ಉತ್ತರ ಕೊಟ್ಟಿತು. ಕೆಳಗೆ ಮಿಂಚಿನ ನಡೆ, ಮೇಲೆ ಮರದ ನುಡಿ. ಅಂಥ ಸಂಗೀತವನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

ಮಂತ್ರಶಕ್ತಿಯೆಲ್ಲ ಸೋರಿಹೋದ ಅಬುಂದಿಯೋ ಪೆಟ್ಟಿಗೆಯನ್ನು ತಾನೇ ಹೊತ್ತು ಊರಿಗೆ ತಂದ. ಸೆಫೆರಿನಾ ಗುಂಡಿ ಒತ್ತಿ ಅದರ ಸದ್ದು ನಿಲ್ಲಿಸಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟಳು. ಅಜ್ಜಿ ಕುಡಿದಳು, ಬೆವರೊರೆಸಿದಳು, ಪೆಟ್ಟಿಗೆಯ ಕಡೆ ನೋಡಿದಳು.

"ಅದನ್ನೇಕೆ ನಿಲ್ಲಿಸಿದೆ?"

"ಬೆಳಿಗ್ಗೆಯಿಂದ ಕುಣಿದಿದ್ದೀಯಲ್ಲ, ಅಜ್ಜಿ!"

"ಬೆಳಿಗ್ಗೆಯಿಂದ ಅದು ಕುಣಿಸಿತು. ಇನ್ನು ನಾನು ಕುಣಿಯುತ್ತೇನೆ," ಎಂದು ಅಜ್ಜಿ ಎದ್ದಳು. "ಒತ್ತು ಆ ಗುಂಡಿ."

ಅರೆನಾಲಿನವರು ಕುಣಿದು ಸುಖವಾಗಿದ್ದರು. ಕತೆ ಕೇಳಿದ ನಾವು ಕುಳಿತು ಸುಖವಾಗಿದ್ದೇವೆ.