ಜಗಳವಾಡದ ಗಿರಾಕಿ

ಅಂಬರೇಶನಿಗೆ ನಾನು ಹೇಳಿದ ಮೊದಲ ಮಾತು, "ಅಲ್ಲೇ ನಿಂದರ್ರಿ, ಒಳಗ ಬರಬ್ಯಾಡ್ರಿ."

ಅವನು ಬಂದದ್ದೂ ಹಾಗೇ ಇತ್ತು. ತಲೆಯಿಂದ ಚಪ್ಪಲಿಯವರೆಗೆ ಬೆಳ್ಳಗೆ. ಶಹಾಬಾದಿನ ಕಲ್ಲು ಪಾಲಿಶ್ ಫ್ಯಾಕ್ಟರಿಯವರು ಕೆಲಸ ಬಿಟ್ಟು ನೇರ ಬಂದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಇವನ ರೆಪ್ಪೆಯ ಮೇಲೂ ಧೂಳು. ಆ ರೆಪ್ಪೆಗಳು ಎಷ್ಟು ಉದ್ದವಿದ್ದವು ಎಂಬುದನ್ನು ನಾನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಂಕುಳಲ್ಲಿ ಒಂದು ರಿಮೋಟ್ ಕಾರು. ಮಕ್ಕಳ ಆಟಿಕೆ ಅಲ್ಲ, ಕುರಿಮರಿಯಷ್ಟು ಭಾರದ್ದು, ಓಡಲು ಬಿಟ್ಟರೆ ಬೈಕನ್ನು ಹಿಂದೆ ಹಾಕುವಂಥದ್ದು. ಶಹಾಬಾದಿನ ಆಚೆ ನೀರಿಲ್ಲದ ಹಳೆಯ ಕಲ್ಲಿನ ಖಣಿಯೊಂದಿದೆ. ಅದರ ಸಪಾಟು ನೆಲದ ಮೇಲೆ ಪ್ರತಿ ಭಾನುವಾರ ಇಂಥ ಕಾರು ಓಡಿಸುವ ಗುಂಪು ಸೇರುತ್ತದೆ. ಸೇಡಂ, ಚಿತ್ತಾಪುರದಿಂದಲೂ ಬರುತ್ತಾರೆ. ಅವರೆಲ್ಲರ ಬ್ಯಾಟರಿಗೆ, ಅದನ್ನು ಕಾರಿಗೆ ಜೋಡಿಸುವ ಕನೆಕ್ಟರನ್ನು ಸೋಲ್ಡರ್ ಮಾಡಿ ಬೆಸೆದುಕೊಡುವವಳು ನಾನು, ವಾಡಿ ಸ್ಟೇಶನ್ ರಸ್ತೆಯ ರಾಧಿಕಾ.

ಅಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದಿನ ಟೇಬಲ್ಲು ನನ್ನದು. ಹುಡುಗಿಯ ಕೈಗೆ ಕೆಟ್ಟ ಫ್ಯಾನು ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಊರು ಇದು. ಅಂಥ ಊರಿನಲ್ಲಿ "ರಾಧಿಕಾ ಮಾಡಿದ ಸೋಲ್ಡರ್ ಬಿಡಂಗಿಲ್ಲ" ಎಂಬ ಮಾತು ಹುಟ್ಟಿಸಲಿಕ್ಕೆ ನನಗೆ ಭಾಳ ಕಾಲ ಹಿಡಿದಿತ್ತು.

"ಮೇಡಂ, ಇದಕ ಯಾವ ಕನೆಕ್ಟರ್ ಚಲೋರಿ?" ಹೊಸ್ತಿಲಿನ ಆಚೆಯಿಂದಲೇ ಕೇಳಿದ. ಗಾಜಿನ ಡಬ್ಬಿಯಲ್ಲಿದ್ದ ಕೆಂಪು ಕನೆಕ್ಟರ್ ಕಡೆ ಬೆರಳು ತೋರಿಸಿದ. "ಆ ಕೆಂಪಂದು ಚಂದ ಅದ."

"ಚಂದ ನೋಡಿ ಕನೆಕ್ಟರ್ ತಗೋತಾರೇನ್ರಿ?"

"ಮತ್ತ ಏನ್ ನೋಡಬೇಕ್ರಿ?" ಎಂದ. ನೋಟ ಕನೆಕ್ಟರ್ ಮೇಲಿರಲಿಲ್ಲ.

ನಾನು ಇಕ್ಕಳ ಕೈಗೆ ತೆಗೆದುಕೊಂಡೆ. ಇಕ್ಕಳ ಕೈಯಲ್ಲಿದ್ದರೆ ನನಗೆ ಧೈರ್ಯ.

"ಎಷ್ಟು ಕರೆಂಟ್ ಎಳೀತದ ಅಂತ ನೋಡಬೇಕು. ನಿಮ್ಮ ಗಾಡಿ ಜೋರ್ ಮಾಡಿದ್ರ ನೂರು ಆಂಪಿಯರ್ ಎಳೀತದ. ಆ ಕೆಂಪಂದು ಸಣ್ಣ ಗಾಡಿಗಿ, ನಿಮ್ಮದಕ್ಕ ಹಾಕಿದ್ರ ಬೆಣ್ಣಿ ಕರಗಿದಂಗ ಕರಗ್ತದ. ಈ ಹಳದಿ ಎಕ್ಸ್‌ಟಿ ಸಿಕ್ಸ್ಟಿನೂ ಸಾಲಂಗಿಲ್ಲ. ನಿಮಗ ಅದಕಿಂತ ದೊಡ್ಡ ಎಕ್ಸ್‌ಟಿ ನೈಂಟಿ ಬೇಕು. ಅದೂ ಒಳಗ ಹಸಿರು ಉಂಗುರ ಇದ್ದದ್ದು. ಗುಂಪಿನಾಗ ಎಲ್ಲಾರದೂ ಅದೇ ಅದ, ಒಬ್ಬರ ಬ್ಯಾಟರಿ ಇನ್ನೊಬ್ಬರಿಗಿ ಬರ್ತದ."

"ಉಂಗುರ ಯಾಕ್ರಿ?"

"ದೊಡ್ಡ ಬ್ಯಾಟರಿ ಒಮ್ಮೆಲೆ ಜೋಡಿಸಿದ್ರ ಕಿಡಿ ಹಾರ್ತದ. ಇದು ಮೊದಲ ಮೆಲ್ಲಕ ತಾಕ್ತದ, ಆಮ್ಯಾಲ ಪೂರಾ ಕೂಡ್ತದ."

"ಹಂಗಾರ ಉಂಗುರ ಇದ್ದದ್ದೇ ಇರ್ಲಿರಿ," ಎಂದ. ಮುಖ ಗಂಭೀರ. ತುಟಿಯ ಒಂದು ಮೂಲೆ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಅವನ ಹಳೆಯ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಕಲ್ಲಿನ ರಾಡಿ ಒಣಗಿ ಗಟ್ಟಿಯಾಗಿತ್ತು. ನನಗೆ ಸಿಟ್ಟು ಬಂತು. "ಇದೇನ್ರಿ, ಕನೆಕ್ಟರೋ ಸುಣ್ಣದ ಭಟ್ಟಿಯೋ? ಇನ್ನೊಮ್ಮೆ ಹಿಂಗ ತಂದ್ರ ನಾ ಮುಟ್ಟಂಗಿಲ್ಲ. ಪಿನ್ನು ಹೊಳೀತಿರಬೇಕು."

"ಹೊಳೀತದ್ ಬಿಡ್ರಿ," ಎಂದು ತಲೆ ತಗ್ಗಿಸಿ ಹೋದ.

ಮುಂದಿನ ಸೋಮವಾರ ಮತ್ತೆ ಬಂದ. ಈ ಸಲ ಇಸ್ತ್ರಿ ಅಂಗಿ, ಬಾಚಿದ ತಲೆ, ಸೋಪಿನ ವಾಸನೆ. ಕೈಯಲ್ಲಿ ನಾನೇ ಹಾಕಿಕೊಟ್ಟ ಕನೆಕ್ಟರು. ಹಳದಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ, ಒಂದು ಕಡೆ ಕರಗಿ ಜೋತುಬಿದ್ದಿತ್ತು.

ನಾನು ಹಾಕಿದ ಯಾವ ಕನೆಕ್ಟರೂ ಅವತ್ತಿನವರೆಗೆ ಕರಗಿರಲಿಲ್ಲ.

"ತಪ್ಪು ನಂದೇ ಇರಬೇಕ್ರಿ," ಎಂದ.

ಇಲ್ಲೇ ನನ್ನ ಅನುಮಾನ ಹುಟ್ಟಿದ್ದು. ವಾಡಿಯಲ್ಲಿ ಮಿಕ್ಸರು ಸ್ವಲ್ಪ ಸದ್ದು ಮಾಡಿದರೂ ಜನ ಅಂಗಡಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಜಗಳ ತೆಗೆಯುತ್ತಾರೆ. ಅದು ಸರಿ. ಜಗಳವಾಡುವ ಗಿರಾಕಿಯ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಕನೆಕ್ಟರ್ ಸುಟ್ಟುಕೊಂಡು ಬಂದು ತಪ್ಪು ತನ್ನದೇ ಎನ್ನುವವನನ್ನು ಹೇಗೆ ನಂಬುವುದು?

ಪಕ್ಕದ ಬಳೆ ಅಂಗಡಿಯ ರಶೀದಾಬೇಗಂ ಆಪಾಗೆ ಮಾತ್ರ ಅನುಮಾನವೇ ಇರಲಿಲ್ಲ. "ಅವ ಬೇಕಂತ ಸುಡ್ತಾನ ನೋಡು. ನಿನ್ನ ಮಾರಿ ನೋಡ್ಲಿಕ್ಕ ಬರ್ತಾನ."

"ಹುಡುಗಿ ಮಾರಿ ನೋಡ್ಲಿಕ್ಕ ಯಾರರ ಕನೆಕ್ಟರ್ ಸುಡ್ತಾರೇನ್ ಆಪಾ?"

"ಲಗ್ನಕ್ಕ ಮೊದಲ ನಮ್ಮೋರು ನನ್ನ ನೋಡ್ಲಿಕ್ಕ ಅಂಗಡಿಗಿ ಬಂದು ಬಂದು ಬಳಿ ಕೊಂಡು, ಅವರ ಮನ್ಯಾಗ ಹಾಕ್ಕೊಳ್ಳೋರು ಇಲ್ಲದಷ್ಟು ಬಳಿ ಆಗಿದ್ವು."

ಆ ದಿನವೆಲ್ಲ ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಸಂಜೆ ಸುಟ್ಟ ಕನೆಕ್ಟರನ್ನು ಭೂತಗನ್ನಡಿಯ ಕೆಳಗೆ ಹಿಡಿಯುವವರೆಗೆ ಬಂತು, ಆಮೇಲೆ ನಿಂತಿತು. ಪಿನ್ನಿನ ಮೇಲಿನ ಬಂಗಾರದ ಲೇಪ ಇರಲಿಲ್ಲ. ಸವೆದು ಹೋದದ್ದಲ್ಲ, ಸುತ್ತಲೂ ಒಂದೇ ಸಮ ಯಾರೋ ಕೈಯಾರೆ ಕೆರೆದು ತೆಗೆದದ್ದು. ಲೇಪ ಹೋದರೆ ಪಿನ್ನು ಸಣ್ಣಗಾಗುತ್ತದೆ, ಸಡಿಲ ಕೂಡುತ್ತದೆ, ಕಾಯುತ್ತದೆ, ಕರಗುತ್ತದೆ. ನನ್ನ ಮುಖ ನೋಡಲಿಕ್ಕೆ ಬರುವವನು ಬಂದು ಒಂದು ಬಲ್ಬು ಕೇಳಿದರೂ ಆಗುತ್ತಿತ್ತು. ಇಷ್ಟು ಕಷ್ಟಪಟ್ಟು ಕೆರೆಯುವವನ ಲೆಕ್ಕ ಬೇರೆಯೇ ಇರಬೇಕು.

ಆ ಲೆಕ್ಕ ತಿಳಿಯುವವರೆಗೆ ಬಾಯಿ ಬಿಡಬಾರದೆಂದು ಹೊಸದು ಹಾಕಿಕೊಟ್ಟೆ. ಅದೂ ಸುಟ್ಟಿತು. ಮತ್ತೆ ಬಂದ, ಮತ್ತೆ ಅದೇ ಇಸ್ತ್ರಿ ಅಂಗಿ, ಅದೇ ಮಾತು.

"ನಿಮ್ಮ ಊರಾಗ ಬ್ಯಾಟರಿ ಕೆಲಸ ಮಾಡೋರು ಯಾರೂ ಇಲ್ಲೇನ್ರಿ?" ಎಂದು ಕೆದಕಿದೆ.

"ನಮ್ಮ ಕಾಕಾನ ಮಗ ಅಂಗಡಿ ತೆಗೀಲಿಕತ್ತಾನ್ರಿ, ಬ್ಯಾಟರಿದೇ," ಎಂದ, ನಾನು ಕೊಟ್ಟ ಸಕ್ಕರೆ ಕಡಿಮೆಯಾದ ಚಹಾ ಕುಡಿಯುತ್ತ, ಏನೂ ಅರಿಯದವನ ಹಾಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ. ನನ್ನ ಹೆಸರು ಸುಟ್ಟರೆ ಯಾರ ಅಂಗಡಿ ಬೆಳಗುತ್ತದೆ ಎಂದು ಈಗ ತಿಳಿಯಿತು. ತಿಳಿದ ಮೇಲೆ ಎದೆಯಲ್ಲಿ ನೋವೂ ಆಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಗುಂಪಿನ ಹಿರಿಯರು ಮೌಲಾಲಿ ಭಾಯ್, ವಾಡಿಯಲ್ಲಿ ಲಾರಿ ಗ್ಯಾರೇಜ್ ಇಟ್ಟವರು. ಅವರೇ ಅಂಗಡಿಗೆ ಬಂದು ಕುಳಿತರು.

"ರಾಧಿಕಾ ಬೇಟಿ, ಮಂದಿ ಮಾತಾಡ್ಲಿಕತ್ತಾರ. ಎಲ್ಲಾರ ಮುಂದ ಆ ಹುಡುಗನ ಗಾಡಿ ಸುಟ್ಟು ಹೊಗಿ ಬಿಡ್ತು. ಬರೋ ಐತ್ವಾರನೂ ಹಿಂಗೇ ಆದ್ರ ಕೆಲಸ ಹೈದ್ರಾಬಾದಿಗಿ ಕೊಡ್ತೀವಿ ಅಂತಾರ. ನಾ ಎಷ್ಟ್ ಮಂದಿ ಬಾಯಿ ಮುಚ್ಚಲಿ?"

"ಬರೋ ಐತ್ವಾರ ನಾನೇ ಬರ್ತೀನಿ ಭಾಯ್," ಎಂದೆ.

ಶನಿವಾರ ಮಧ್ಯಾಹ್ನ ಶಹಾಬಾದಿಗೆ ಹೋದೆ. ಅಪ್ಪನಿಗೆ ತಾಮ್ರದ ವೈರು ತರುತ್ತೇನೆಂದು ಹೇಳಿದ್ದೆ. ಊಟದ ಹೊತ್ತು, ಪಾಲಿಶ್ ಫ್ಯಾಕ್ಟರಿಯ ಮಶೀನುಗಳು ನಿಂತಿದ್ದವು. ಗೇಟಿನಾಚೆ ಕಲ್ಲಿನ ಚಪ್ಪಡಿಗಳ ನೆರಳಿನಲ್ಲಿ ಅಂಬರೇಶ ಒಬ್ಬನೇ ಕುಳಿತಿದ್ದ. ಕಡ್ಡಿಗೆ ಪಾಲಿಶ್ ಕಾಗದ ಸುತ್ತಿ, ಕಲ್ಲಿಗೆ ಹಾಕುವ ಬಿಳಿ ಪುಡಿ ಹಚ್ಚಿ, ನಾನು ಆ ವಾರವಷ್ಟೇ ಹಾಕಿಕೊಟ್ಟ ಕನೆಕ್ಟರಿನ ಪಿನ್ನನ್ನು ತಿಕ್ಕುತ್ತಿದ್ದ. ತಿಕ್ಕುವುದು, ಊದುವುದು, ಬಿಸಿಲಿಗೆ ಹಿಡಿದು ನೋಡುವುದು, ಮತ್ತೆ ತಿಕ್ಕುವುದು. ತಾಯಿ ಮಗುವಿನ ಕಿವಿ ಒರೆಸುವಷ್ಟು ಜೋಪಾನ.

ಮೋಸವನ್ನೂ ಇಷ್ಟು ಅಕ್ಕರೆಯಿಂದ ಮಾಡುತ್ತಾರೆಯೇ ಎಂದುಕೊಂಡೆ. ಕರೆಯಬೇಕೆನ್ನಿಸಿತು, ಕರೆಯಲಿಲ್ಲ. ಹತ್ತು ಮಂದಿಯ ಮುಂದೆ ಹೋದ ಹೆಸರು ಹತ್ತು ಮಂದಿಯ ಮುಂದೆಯೇ ವಾಪಸು ಬರಬೇಕು.

ಭಾನುವಾರ ಬೆಳಿಗ್ಗೆ ಖಣಿಗೆ ಇಳಿದಾಗ ಎಲ್ಲರೂ ಸೇರಿದ್ದರು. ಅಂಬರೇಶ ನನ್ನನ್ನು ನೋಡಿ ಎದ್ದೇ ನಿಂತ. ಮುಖದಲ್ಲಿ ದೀಪಾವಳಿ.

"ನೀವೂ ಬಂದ್ರೇನ್ರಿ, ಮೇಡಂ?"

ಅವನು ಬ್ಯಾಟರಿ ಜೋಡಿಸುವ ಮೊದಲೇ ಕನೆಕ್ಟರ್ ಕೈಗೆ ತೆಗೆದುಕೊಂಡು, ಭೂತಗನ್ನಡಿಯ ಸಮೇತ ಮೌಲಾಲಿ ಭಾಯ್‌ಗೆ ಕೊಟ್ಟೆ.

"ನೋಡ್ರಿ ಭಾಯ್. ಪಿನ್ನಿನ ಮ್ಯಾಲಿನ ಬಂಗಾರ ಎಲ್ಲಿ ಅದ? ಬಂಗಾರ ತೆಗೆದ್ರ ಯಾರು ಸೋಲ್ಡರ್ ಮಾಡಿದ್ರೂ ಸುಡ್ತದ." ಆಮೇಲೆ ಅವನ ಕಡೆ ತಿರುಗಿದೆ. "ನಿನ್ನಿ ನಾ ಕಣ್ಣಾರೆ ನೋಡೀನಿ. ತಿಕ್ಕೀರೋ ಇಲ್ಲೋ?"

"ತಿಕ್ಕೀನ್ರಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂದು ನಾನು ಕಾದಿದ್ದೆ. ಇವನು ಮುಟ್ಟಿಕೊಳ್ಳಲಿಲ್ಲ. ನೇರ ನಿಂತಿದ್ದ.

"ಯಾಕ? ನಿಮ್ಮ ಕಾಕಾನ ಮಗನ ಅಂಗಡಿಗಿ ಗಿರಾಕಿ ಬೇಕಂತ?"

"ಅವ ಟ್ರ್ಯಾಕ್ಟರ್ ಬ್ಯಾಟರಿ ಮಾರ್ತಾನ್ರಿ," ಎಂದ, ನಿಜವಾಗಿಯೂ ಗೊಂದಲಗೊಂಡು. "ಅವನಿಗಿ ಈ ಕನೆಕ್ಟರ್ ಹೆಸರೂ ಗೊತ್ತಿಲ್ಲ."

"ಮತ್ತ ಯಾಕ ತಿಕ್ಕಿದ್ರಿ?"

ಅಂಬರೇಶ ಸುತ್ತ ನಿಂತವರನ್ನು ಒಮ್ಮೆ ನೋಡಿದ. ಕಿವಿಗಳು ಕೆಂಪಾದವು. ಸುಳ್ಳು ಹೇಳುವವನಾಗಿದ್ದರೆ ಹೇಳಲಿಕ್ಕೆ ಅದೇ ಹೊತ್ತು.

"ನೀವೇ ಹೇಳಿದ್ರಲ್ರೀ, ಹೊಳೀತಿರಬೇಕು ಅಂತ. ಮೊದಲನೇ ದಿನ. ನಾ ರಾಡಿ ತುಂಬಿದ್ದು ತಂದಾಗ." ದನಿ ಇಳಿಯಿತು. "ನಮ್ಮಲ್ಲಿ ಕಲ್ಲು ತಿಕ್ಕಿದಷ್ಟೂ ಚಲೋ ಆಗ್ತದ್ರಿ. ಇದೂ ಹಂಗೇ ಅಂತ ತಿಳಿದೆ. ಸುಟ್ಟಾಗೆಲ್ಲ ನಮ್ಮ ಫ್ಯಾಕ್ಟರಿ ಧೂಳಿನಿಂದನೇ ಸುಡ್ಲಿಕತ್ತದ ಅಂದ್ಕೊಂಡು ಇನ್ನಾ ಜಾಸ್ತಿ ತಿಕ್ಕಿದೆ. ನಿಮ್ಮ ಕೈಯಾಗ ಕೊಡೋ ಸಾಮಾನು ಹೊಲಸ ಇರಬಾರದು ಅಂತ."

ಯಾರೋ ನಕ್ಕರು. ಅವನು ನಗುವವರ ಕಡೆಗೇ ತಿರುಗಿ, ಇನ್ನೂ ಗಟ್ಟಿಯಾಗಿ ಹೇಳಿದ: "ಎಲ್ಲಾರೂ ಕೇಳ್ರಿ. ರಾಧಿಕಾ ಅವರ ಸೋಲ್ಡರಿನಾಗ ಏನೂ ತಪ್ಪಿಲ್ಲ. ಕೆಡಿಸಿದಾವ ನಾನು."

ಹೋದ ನನ್ನ ಹೆಸರು ಹಾಗೆ ವಾಪಸು ಬಂತು. ಗೆದ್ದೆ ಎನ್ನಿಸಬೇಕಿತ್ತು. ಆದರೆ ನನಗೆ ಆ ಮೊದಲ ದಿನ ಹೊಸ್ತಿಲಾಚೆ ನಿಂತ ಬಿಳಿ ರೆಪ್ಪೆಗಳ ಮನುಷ್ಯ ಕಣ್ಣಮುಂದೆ ಬಂದ. ನಾನು ಮೋಸವೆಂದು ಎಣಿಸಿದ ಅಕ್ಕರೆ ಬರೀ ಅಕ್ಕರೆಯೇ ಆಗಿತ್ತು. ಅದು ನನಗಾಗಿಯೇ ಇತ್ತು.

ಮೌಲಾಲಿ ಭಾಯ್ ಭೂತಗನ್ನಡಿ ನನ್ನ ಕೈಗಿಟ್ಟರು. "ಬೇಟಿ, ಇದು ಜರಾ ಮನುಷ್ಯಾರ ಮ್ಯಾಲೂ ಹಿಡಿದು ನೋಡು," ಎಂದು ಎಲ್ಲರನ್ನೂ ಚಹಾದ ಕಡೆಗೆ ಅಟ್ಟಿಕೊಂಡು ಹೋದರು.

ಚೀಲದಲ್ಲಿ ಹೊಸ ಕನೆಕ್ಟರೂ ಗ್ಯಾಸಿನ ಸೋಲ್ಡರಿಂಗ್ ಐರನ್ನೂ ಇದ್ದವು. ಕಲ್ಲಿನ ಮೇಲೆ ಕುಳಿತು ಕೆಲಸ ಶುರುಮಾಡಿದೆ. ಅವನು ಎದುರಿಗೆ ಕುಳಿತು ವೈರು ಹಿಡಿದುಕೊಂಡ. ಅವನ ಕೈ ಕಲ್ಲಿನಷ್ಟು ಸ್ಥಿರ.

"ಒಂದು ಕೇಳ್ತೀನಿ, ಖರೆ ಹೇಳ್ರಿ," ಎಂದೆ. ಅನುಮಾನದವಳಿಗೆ ಕೊನೆಯ ಪ್ರಶ್ನೆ ಕೇಳದೆ ಸಮಾಧಾನವಿಲ್ಲ. "ಇಷ್ಟು ಸಲ ಸುಟ್ಟರೂ ಯಾಕ ಜಗಳ ತೆಗೀಲಿಲ್ಲ?"

"ತೆಗೆದ್ರ ನೀವು ಹೈದ್ರಾಬಾದಿಗಿ ಹೋಗಿ ಮಾಡಿಸ್ರಿ ಅಂತಿದ್ರಿ."

"ಅಂತಿದ್ದೆ. ಹೋಗಬೇಕಿತ್ತು."

"ಹೋಗಿ ಏನ್ ಮಾಡ್ಲಿರಿ?" ಅವನು ವೈರಿನಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಕನೆಕ್ಟರ್ ಸಿಗ್ತಾವ. ನೀವು ಸಿಗಂಗಿಲ್ಲ."

ನಾನು ಕೊನೆಯ ಪಿನ್ನಿಗೆ ಸೋಲ್ಡರ್ ಹಾಕಿದೆ. ಆರಿದ ಮೇಲೆ ಎರಡು ತುದಿಗಳನ್ನೂ ಅವನ ಕೈಗೆ ಕೊಟ್ಟೆ. "ಜೋಡಿಸ್ರಿ. ಮೆಲ್ಲಕ."

ಮೆಲ್ಲಗೆ ತಾಕಿಸಿದ, ಆಮೇಲೆ ಪೂರಾ ಕೂಡಿಸಿದ. ಕಿಡಿ ಬರಲಿಲ್ಲ. ಕಾರು ಖಣಿಯ ನೆಲದ ಮೇಲೆ ಆ ತುದಿಗೆ ಹೋಗಿ, ಬಾಲದಂತೆ ಧೂಳೆಬ್ಬಿಸಿಕೊಂಡು ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಎಲ್ಲರೂ ಚಹಾ ಬಿಟ್ಟು ಓಡಿಬಂದರು. ಮೌಲಾಲಿ ಭಾಯ್ ಬಗ್ಗಿ ಕನೆಕ್ಟರ್ ಮುಟ್ಟಿ, "ಜರಾ ಬೆಚ್ಚಗ ಅದ, ಅಷ್ಟೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೈದರಾಬಾದಿನ ಹೆಸರು ಯಾರೂ ಎತ್ತಲಿಲ್ಲ.

ಕಾರಿನ ಮೇಲೂ ಕನೆಕ್ಟರಿನ ಮೇಲೂ ಬಿಳಿ ಧೂಳು ಕೂತಿತ್ತು. ಅವನ ಅಂಗಿಯ ಮೇಲೆ, ರೆಪ್ಪೆಯ ಮೇಲೆ ಕೂಡ. ಅವನು ಗಡಿಬಿಡಿಯಿಂದ ಕರವಸ್ತ್ರ ತೆಗೆದು ಕನೆಕ್ಟರ್ ಒರೆಸಹೋದ. ನಾನು ಅವನ ಕೈ ಹಿಡಿದೆ. ಹಿಡಿದದ್ದು ನನಗೂ ಆಮೇಲೇ ಗೊತ್ತಾಯಿತು.

"ಇರ್ಲಿ ಬಿಡ್ರಿ," ಎಂದೆ. "ಜರಾ ಊದಿದ್ರ ಸಾಕು. ನಾಳಿ ಅಂಗಡಿಗಿ ಬರ್ರಿ."

"ಯಾಕ್ರಿ? ಇವತ್ತ ಏನೂ ಸುಟ್ಟಿಲ್ಲ."

"ಸುಡದಿದ್ರೂ ಬರ್ರಿ. ಕೆಲಸ ಬಿಟ್ಟು ನೇರ ಬರ್ರಿ."

"ನೇರ ಬಂದ್ರ ಮೈಯೆಲ್ಲ ಧೂಳ ಇರ್ತದ್ರಿ, ರಾಧಿಕಾ."

ಮೇಡಂ ಎನ್ನಲಿಲ್ಲ. ಅದನ್ನು ಅನುಮಾನಿಸಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ.

"ಇರ್ಲಿ," ಎಂದೆ. "ಹಂಗೇ ಒಳಗ ಬಂದು ಕುಂದರ್ರಿ."